ಒಂದು ರಾತ್ರಿಯ ಆಟವೋ, ಸಪ್ತಾಹವೋ: ಫ್ಯಾಂಟಸಿ ಬರೆಯುವವರ ಮುಂದಿರುವ ಆಯ್ಕೆ

ಮಾನ್ಯ ಸಂಪಾದಕರೇ,

ಎರಡು ವಾರಗಳ ಹಿಂದೆ ತಮ್ಮ ಭಾನುವಾರದ ಪುರವಣಿಯಲ್ಲಿ, ಕನ್ನಡದಲ್ಲಿ ಫ್ಯಾಂಟಸಿ ಕಾದಂಬರಿ ಬರೆಯಹೊರಟ ಹೊಸಬರಿಗೆ ಕಿವಿಮಾತು ಹೇಳುವ ಲೇಖನವೊಂದು ಪ್ರಕಟವಾಗಿತ್ತು. ಅದರ ಬಹುಪಾಲು ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಈ ಪ್ರಕಾರದಲ್ಲಿ ಬಿಡಿ ಕಾದಂಬರಿಗೆ ಭವಿಷ್ಯವಿಲ್ಲ, ಬರೆಯುವುದಾದರೆ ಮೂರೋ ಐದೋ ಭಾಗಗಳ ಸರಣಿಯನ್ನೇ ಯೋಜಿಸಿಕೊಳ್ಳಬೇಕು, ಮೊದಲ ಭಾಗವನ್ನು ಕುತೂಹಲದ ತುದಿಯಲ್ಲಿ ತಂದು ನಿಲ್ಲಿಸಿದರೆ ಓದುಗರು ತಾವಾಗಿಯೇ ಎರಡನೆಯದಕ್ಕೆ ಬರುತ್ತಾರೆ ಎಂಬ ಸಲಹೆಯನ್ನು ಓದಿದಾಗ, ಉಡುಪಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗ್ರಂಥಪಾಲಕನಾಗಿದ್ದು ನಿವೃತ್ತನಾದ ನನಗೆ ಸುಮ್ಮನಿರಲಾಗಲಿಲ್ಲ. ಪತ್ರ ದೀರ್ಘವಾಗಿದೆ. ಸ್ಥಳವಿಲ್ಲದಿದ್ದರೆ ಕತ್ತರಿಸುವ ಅಧಿಕಾರ ತಮ್ಮದೇ. ಆದರೆ ಅರ್ಧಕ್ಕೆ ನಿಲ್ಲಿಸಿ ‘ಮುಂದಿನ ವಾರಕ್ಕೆ’ ಎಂದು ಮಾತ್ರ ಹಾಕಬೇಡಿ ಎಂದು ವಿನಂತಿ.

ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿರುವ ದಿನಾಂಕದ ಚೀಟಿಗಿಂತ ಪ್ರಾಮಾಣಿಕನಾದ ವಿಮರ್ಶಕನನ್ನು ನಾನು ಕಂಡಿಲ್ಲ. ಕಂಪ್ಯೂಟರು ಬರುವ ಮೊದಲು ಪ್ರತಿ ಎರವಲಿಗೂ ಆ ಚೀಟಿಯ ಮೇಲೆ ಒಂದು ಮುದ್ರೆ ಬೀಳುತ್ತಿತ್ತು. ಭಾಗಗಳಾಗಿ ಬಂದ ಯಾವುದೇ ಕಾದಂಬರಿಯನ್ನು ತೆಗೆದು ನೋಡಿದರೂ ಮೊದಲ ಭಾಗದ ಚೀಟಿ ತುಂಬಿ ಅದರ ಮೇಲೆ ಇನ್ನೊಂದನ್ನು ಅಂಟಿಸಿರುವುದು, ಎರಡನೆಯ ಭಾಗದ ಚೀಟಿ ಅರ್ಧದವರೆಗೆ ತುಂಬಿರುವುದು, ಮೂರನೆಯದರಲ್ಲಿ ನಾಲ್ಕಾರು ಮುದ್ರೆಗಳಷ್ಟೇ ಇರುವುದು ಸಾಮಾನ್ಯ ದೃಶ್ಯವಾಗಿತ್ತು. ಇದಕ್ಕೆ ಬರವಣಿಗೆಯ ದೋಷವೇ ಕಾರಣವಾಗಬೇಕೆಂದಿಲ್ಲ. ಮೊದಲ ಭಾಗ ಓದಿದ ವಿದ್ಯಾರ್ಥಿ ಎರಡನೆಯದನ್ನು ಕೇಳಿಕೊಂಡು ಬಂದಾಗ ಅದು ಬೇರೊಬ್ಬರ ಕೈಯಲ್ಲಿರುತ್ತಿತ್ತು. ಅದು ಮರಳಿ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತಿತ್ತು. ಪರೀಕ್ಷೆ ಮುಗಿದು ರಜೆ ಕಳೆಯುವಷ್ಟರಲ್ಲಿ ಕಥೆ ಮರೆತಿರುತ್ತಿತ್ತು. ಮೂರನೆಯ ಭಾಗದ ಓದುಗರು ಎರಡನೆಯದರ ಓದುಗರೊಳಗಿನಿಂದಲೇ ಬರಬೇಕು, ಎರಡನೆಯದರವರು ಮೊದಲನೆಯದರವರೊಳಗಿನಿಂದಲೇ ಬರಬೇಕು. ಹೊರಗಿನವರಿಗೆ ನಡುವೆ ಬಾಗಿಲಿಲ್ಲ. ಸರಣಿ ಬರೆಯುವವನು ತನ್ನ ಓದುಗರ ಸಂಖ್ಯೆ ಭಾಗದಿಂದ ಭಾಗಕ್ಕೆ ಬೆಳೆಯುತ್ತದೆಂದು ಭಾವಿಸಿ ಕುಳಿತಿರುತ್ತಾನೆ. ಚೀಟಿ ಹೇಳುವ ಲೆಕ್ಕ ತಿರುಗುಮುರುಗು.

ಹಾಗೆಂದು ಸರಣಿಯೇ ಕೂಡದೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಕರಾವಳಿಯವರಾದ ನಮಗೆ ಹಾಗೆ ವಾದಿಸುವ ಹಕ್ಕೂ ಇಲ್ಲ, ಏಕೆಂದರೆ ಅದ್ಭುತ ಕಥೆಗಳನ್ನು ಸರಣಿಯಾಗಿ ಹೇಳುವ ವಿದ್ಯೆಯನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ. ಯಕ್ಷಗಾನದ ಪ್ರಸಂಗಗಳನ್ನೇ ನೋಡಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳು ಇಡೀ ರಾಮಾಯಣವನ್ನು ತುಂಡು ತುಂಡಾಗಿ ರಂಗಕ್ಕೆ ತರುತ್ತವೆ. ಆದರೆ ಪಂಚವಟಿ, ವಾಲಿ ಸಂಹಾರ, ಅಂಗದ ಸಂಧಾನ, ಕುಶಲವರ ಕಾಳಗ ಇವುಗಳಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಒಂದು ಆಟ. ವಾಲಿ ಬಿದ್ದ ಮೇಲೆ, ಅವನ ಪ್ರಶ್ನೆಗಳಿಗೆ ರಾಮ ಉತ್ತರಿಸಿದ ಮೇಲೆ, ಸುಗ್ರೀವನಿಗೆ ಪಟ್ಟವಾದ ಮೇಲೆ ಭಾಗವತರು ಮಂಗಳ ಹಾಡುತ್ತಾರೆ, ಜನ ಚಾಪೆ ಮಡಚಿಕೊಂಡು ಮನೆಗೆ ಹೋಗುತ್ತಾರೆ. ಸೀತೆ ಇನ್ನೂ ಲಂಕೆಯಲ್ಲಿಯೇ ಇದ್ದಾಳೆ, ಸಮುದ್ರವನ್ನು ಯಾರೂ ದಾಟಿಲ್ಲ. ಆದರೂ ಆ ರಾತ್ರಿಯ ಮಟ್ಟಿಗೆ ಪ್ರೇಕ್ಷಕನಿಗೆ ಮೋಸವಾಗಿಲ್ಲ, ಏಕೆಂದರೆ ಆ ರಾತ್ರಿ ಕೇಳಿದ ಪ್ರಶ್ನೆಗೆ ಆ ರಾತ್ರಿಯೇ ಉತ್ತರ ಸಿಕ್ಕಿದೆ. ವಾಲಿಯ ಎದೆಗೆ ಬಾಣ ಹೂಡಿದ ಕ್ಷಣದಲ್ಲಿ ಮಂಗಳ ಹಾಡಿ, ಉಳಿದದ್ದು ಮುಂದಿನ ತಿರುಗಾಟದಲ್ಲಿ ಎಂದು ಮೇಳದವರು ಹೇಳಿದ್ದರೆ ವೇಷ ಕಟ್ಟುವ ಚೌಕಿಯವರೆಗೂ ಬಂದು ಜಗಳ ಮಾಡುವವರು ನಮ್ಮೂರಿನಲ್ಲಿ ಬೇಕಾದಷ್ಟಿದ್ದರು.

ವೇಷವಿಲ್ಲದೆ ಕುಳಿತು ಹಾಡು, ಮಾತುಗಳಲ್ಲಿಯೇ ಪ್ರಸಂಗ ನಡೆಸುವ ತಾಳಮದ್ದಳೆಯ ಸಪ್ತಾಹಗಳಲ್ಲಿಯೂ ಇದೇ ಕ್ರಮ. ಏಳು ದಿನ ಏಳು ಪ್ರಸಂಗ; ಏಳಕ್ಕೂ ಬಂದವನಿಗೆ ಒಂದು ಬಗೆಯ ಸುಖ, ಬುಧವಾರ ಮಾತ್ರ ಬಿಡುವಾಗಿ ಬಂದವನಿಗೆ ಇನ್ನೊಂದು ಬಗೆಯ ಸುಖ, ಆದರೆ ಯಾರಿಗೂ ಬರಿಗೈ ಇಲ್ಲ. ತುಳುವಿನ ಸಿರಿ ಪಾಡ್ದನ, ಅಂದರೆ ಸಿರಿಯ ಕಥೆ ಹೇಳುವ ಜನಪದ ಹಾಡು, ಇನ್ನೂ ದೊಡ್ಡ ಉದಾಹರಣೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ್ದನ್ನು 1990ರಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದಾಗ ಅದು 15,683 ಸಾಲುಗಳಷ್ಟಾಯಿತು. ಸಿರಿಯಿಂದ ಅವಳ ಮಗಳು ಸೊನ್ನೆಗೆ, ಸೊನ್ನೆಯಿಂದ ಅವಳ ಅವಳಿ ಮಕ್ಕಳಾದ ಅಬ್ಬಗ ದಾರಗರಿಗೆ ಕಥೆ ತಲೆಮಾರು ದಾಟುತ್ತದೆ. ಆದರೆ ಚೆನ್ನೆಮಣೆಯ ಮುಂದೆ ಕುಳಿತ ಆ ಇಬ್ಬರು ಅಕ್ಕತಂಗಿಯರ ಕಥೆಯನ್ನಷ್ಟೇ ಕೇಳಿ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅಜ್ಜಿಯ ಕಥೆ ಗೊತ್ತಿದ್ದರೆ ಮೊಮ್ಮಕ್ಕಳ ದುರಂತ ಇನ್ನಷ್ಟು ಭಾರವಾಗುತ್ತದೆ ಎಂಬುದು ನಿಜ. ಗೊತ್ತಿಲ್ಲದಿದ್ದರೂ ಆ ದುರಂತ ದುರಂತವೇ. ಸರಣಿಯೆಂದರೆ ನನಗೆ ಇದು. ಒಂದೇ ಕಥೆಯನ್ನು ಕೊಡಲಿಯಿಂದ ಕಡಿದು ಮೂರು ರಟ್ಟು ಕಟ್ಟಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಲೇಖಕರು ತಮ್ಮ ವಾದಕ್ಕೆ ಆಧಾರವಾಗಿ ಪಾಶ್ಚಾತ್ಯ ಸರಣಿಗಳ ಯಶಸ್ಸನ್ನು ಉದಾಹರಿಸಿದ್ದಾರೆ. ಆ ಉದಾಹರಣೆಗಳನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ಅವರ ಮಾತಿಗಿಂತ ಬೇರೆ ಅರ್ಥ ಹೊರಡುತ್ತದೆ. ಫ್ಯಾಂಟಸಿ ಎಂದರೆ ಮೂರು ಸಂಪುಟ ಎಂಬ ನಂಬಿಕೆ ಹುಟ್ಟಿದ್ದು ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ನಿಂದ; ಆದರೆ ಅವರು ಬರೆದದ್ದು ಒಂದೇ ಕಾದಂಬರಿ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಅಷ್ಟು ದೊಡ್ಡ ಪುಸ್ತಕವನ್ನು ಒಂದೇ ರಟ್ಟಿನಲ್ಲಿ ಮುದ್ರಿಸುವುದು ದುಬಾರಿಯೆಂದು ಪ್ರಕಾಶಕರು ಅದನ್ನು ಮೂರು ಮಾಡಿ, 1954ರ ಜುಲೈಯಲ್ಲಿ ಒಂದನ್ನು, ನವೆಂಬರಿನಲ್ಲಿ ಇನ್ನೊಂದನ್ನು, 1955ರ ಅಕ್ಟೋಬರಿನಲ್ಲಿ ಕೊನೆಯದನ್ನು ಹೊರತಂದರು. ಎರಡನೆಯ ಸಂಪುಟ ಮುಗಿಯುವಾಗ ಕಥಾನಾಯಕ ಶತ್ರುಗಳ ಕೈಗೆ ಸಿಕ್ಕಿಬಿದ್ದಿರುತ್ತಾನೆ, ಓದುಗರು ಹನ್ನೊಂದು ತಿಂಗಳು ಕಾದರು. ಕಾಯಲು ಸಾಧ್ಯವಾದದ್ದು ಏಕೆಂದರೆ ಮೊದಲ ಸಂಪುಟ ಅಂಗಡಿಗೆ ಬರುವ ಮೊದಲೇ ಕೊನೆಯ ಅಧ್ಯಾಯ ಬರೆದಾಗಿತ್ತು. ಬಾಕಿ ಉಳಿದಿದ್ದದ್ದು ಅನುಬಂಧಗಳ ಕೆಲಸ. ಕಾಗದದ ಬೆಲೆಯಿಂದ ಆದ ಏರ್ಪಾಡನ್ನು ಕಲೆಯ ನಿಯಮವೆಂದು ತಿಳಿದು ಎಪ್ಪತ್ತು ವರ್ಷಗಳಿಂದ ಎಷ್ಟು ಮಂದಿ ಮೂರು ಭಾಗದ ಮಡಿಕೆ ಹಾಕಿಕೊಂಡು ಬರೆಯಲು ಕುಳಿತಿದ್ದಾರೋ!

ಹ್ಯಾರಿ ಪಾಟರ್ ಸರಣಿಯ ಏಳು ಪುಸ್ತಕಗಳು 1997ರಿಂದ 2007ರವರೆಗೆ ಬಂದವು. ಅದರಲ್ಲಿ ಹೆಚ್ಚು ಕಡಿಮೆ ಪ್ರತಿ ಪುಸ್ತಕವೂ ಒಂದು ಶಾಲಾ ವರ್ಷ. ಮೊದಲ ಪುಸ್ತಕದಲ್ಲಿ ಎದ್ದ ಗುಟ್ಟು ಮೊದಲ ಪುಸ್ತಕದಲ್ಲಿಯೇ ಬಿಡಿಸಿಕೊಳ್ಳುತ್ತದೆ. ಎರಡನೆಯದು ಬರದೇ ಹೋಗಿದ್ದರೂ ಅದು ಒಂದು ಪೂರ್ಣ ಮಕ್ಕಳ ಕಾದಂಬರಿಯಾಗಿ ಉಳಿಯುತ್ತಿತ್ತು. ಟೆರಿ ಪ್ರಾಚೆಟ್ ಒಂದೇ ಕಲ್ಪಿತ ಲೋಕದಲ್ಲಿ 1983ರಿಂದ 2015ರವರೆಗೆ 41 ಕಾದಂಬರಿಗಳನ್ನು ಬರೆದರು, ಅವುಗಳಲ್ಲಿ ಹೆಚ್ಚಿನವನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದು. ಉರ್ಸುಲಾ ಲೆ ಗ್ವಿನ್ ಅವರದು ಇನ್ನೂ ಸ್ವಾರಸ್ಯದ ಸಂಗತಿ. ದ್ವೀಪಗಳ ಸಮೂಹವೊಂದನ್ನು ಕಲ್ಪಿಸಿಕೊಂಡು 1968ರಿಂದ 1972ರೊಳಗೆ ಮೂರು ತೆಳುವಾದ, ತಮ್ಮಷ್ಟಕ್ಕೆ ಮುಗಿಯುವ ಕಾದಂಬರಿಗಳನ್ನು ಬರೆದು ಅವರು ಸುಮ್ಮನಾದರು. ಹದಿನೆಂಟು ವರ್ಷಗಳ ಬಳಿಕ, 1990ರಲ್ಲಿ, ನಾಲ್ಕನೆಯದನ್ನು ಬರೆದು ಇದೇ ಕೊನೆಯ ಪುಸ್ತಕವೆಂದು ಮುಖಪುಟದಲ್ಲಿಯೇ ಹಾಕಿಸಿಕೊಂಡರು. 2001ರಲ್ಲಿ ಮತ್ತೆರಡು ಪುಸ್ತಕಗಳು ಅದೇ ಲೋಕದಿಂದ ಬಂದವು. ಮಾತು ತಪ್ಪಿದರೆಂದು ಯಾರೂ ಅವರನ್ನು ದೂರಲಿಲ್ಲ. ಹಿಂದಿನ ಪುಸ್ತಕಗಳು ಯಾವ ಸಾಲವನ್ನೂ ಉಳಿಸಿಕೊಂಡಿರಲಿಲ್ಲವಾದ್ದರಿಂದ ಮುಂದಿನವು ಬಂದದ್ದು ಉಡುಗೊರೆಯಂತೆ ಕಂಡಿತು.

ಸಾಲ ಉಳಿಸಿಕೊಂಡವರ ಕಥೆ ಬೇರೆ. ಜಾರ್ಜ್ ಮಾರ್ಟಿನ್ ಮೂರು ಭಾಗವೆಂದು ಯೋಜಿಸಿಕೊಂಡು 1996ರಲ್ಲಿ ಆರಂಭಿಸಿದ ಸರಣಿ ಬೆಳೆಬೆಳೆದು ಏಳು ಭಾಗಗಳ ಯೋಜನೆಯಾಯಿತು. ಐದನೆಯ ಭಾಗ 2011ರಲ್ಲಿ ಬಂತು. ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಅದನ್ನು ಆಧರಿಸಿದ ಟಿವಿ ಧಾರಾವಾಹಿ 2019ರಲ್ಲಿಯೇ ತನ್ನದೇ ಆದ ಮುಕ್ತಾಯ ಕಟ್ಟಿಕೊಂಡು ಮನೆಗೆ ಹೋಯಿತು. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿದ ‘ವೀಲ್ ಆಫ್ ಟೈಮ್’ ಸರಣಿ ಮುಗಿಯುವ ಮೊದಲೇ 2007ರಲ್ಲಿ ತೀರಿಕೊಂಡರು; ಅವರು ಬಿಟ್ಟುಹೋದ ಟಿಪ್ಪಣಿಗಳ ಆಧಾರದ ಮೇಲೆ ಬ್ರಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು ಬರೆದು 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಮುಗಿಸಿದರು. ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ. ಕುಮಾರವ್ಯಾಸ ಹತ್ತು ಪರ್ವ ಬರೆದು ಗದುಗಿನ ವೀರನಾರಾಯಣನಿಗೆ ಒಪ್ಪಿಸಿದ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಆದರೆ ಕುಮಾರವ್ಯಾಸ ನಿಲ್ಲಿಸಿದ ಜಾಗವನ್ನು ಗಮನಿಸಬೇಕು. ಗದಾಪರ್ವದೊಂದಿಗೆ ಯುದ್ಧ ಮುಗಿಯುತ್ತದೆ, ದುರ್ಯೋಧನ ಬೀಳುತ್ತಾನೆ. ಉಳಿದದ್ದು ಮುಖ್ಯವೇ ಆದರೂ ಕೇಳುಗನನ್ನು ತೊಡೆ ಮುರಿಯುವ ಮೊದಲೇ ಎಬ್ಬಿಸಿ ಕಳುಹಿಸಿದಂತೆ ಆಗಲಿಲ್ಲ.

ನಮ್ಮದೇ ಭಾಷೆಯ ಕಾದಂಬರಿಕಾರರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂಬುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರದಿದ್ದುದು ನನಗೆ ಬೇಸರ ತಂದಿತು. ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ಗಳನ್ನು ನಾವು ಒಟ್ಟಾಗಿ ಹೆಸರಿಸುತ್ತೇವೆ, ಆದರೆ ಒಂದರ ನಾಯಕ ವಿಶ್ವಾಮಿತ್ರ, ಇನ್ನೊಂದರ ನಾಯಕ ನಹುಷ, ಮತ್ತೊಂದರ ನಾಯಕ ಯಾಜ್ಞವಲ್ಕ್ಯ. ದೇವಲೋಕಕ್ಕೂ ಭೂಲೋಕಕ್ಕೂ ನಡುವೆ ಬಾಗಿಲು ತೆರೆದೇ ಇರುವ ಆ ಜಗತ್ತಿನ ನಿಯಮಗಳು ಮೂರರಲ್ಲಿಯೂ ಒಂದೇ, ಕಥೆ ಮಾತ್ರ ಬೇರೆ ಬೇರೆ. 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವುಗಳಲ್ಲಿ ‘ಮಹಾಕ್ಷತ್ರಿಯ’ ಒಂದಕ್ಕೇ ಸಂದಿತು. ತ.ರಾ.ಸು. ಚಿತ್ರದುರ್ಗದ ಪಾಳೆಯಗಾರರ ಮೇಲೆ ಬರೆದ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಗೆ ಒಂದರಿಂದೊಂದಕ್ಕೆ ಬಿಗಿಯಾದ ಕೊಂಡಿಯಿದೆ, ಆದರೆ ಅದೇ ದುರ್ಗದ ಕೊನೆಯ ಕಥೆಯಾದ ‘ದುರ್ಗಾಸ್ತಮಾನ’ವನ್ನು ಅವು ಯಾವುದನ್ನೂ ಓದದವನು ಒಂದೇ ಉಸಿರಿನಲ್ಲಿ ಓದಬಲ್ಲ, ನಾನೂ ಹಾಗೆಯೇ ಓದಿದ್ದು. ಇವು ಪೌರಾಣಿಕ, ಐತಿಹಾಸಿಕ ಕಾದಂಬರಿಗಳು, ಫ್ಯಾಂಟಸಿಯಲ್ಲ ಎಂದು ಯಾರಾದರೂ ಹೇಳಿದರೆ ಕಂಬಾರರ ಶಿವಾಪುರದ ಕಡೆ ಬೆರಳು ತೋರಿಸಬೇಕಾಗುತ್ತದೆ. ‘ಕರಿಮಾಯಿ’, ‘ಸಿಂಗಾರೆವ್ವ ಮತ್ತು ಅರಮನೆ’, ‘ಶಿಖರ ಸೂರ್ಯ’ ಮೊದಲಾದ ಕೃತಿಗಳಲ್ಲಿ ಆ ಕಲ್ಪಿತ ಊರು ಮತ್ತೆ ಮತ್ತೆ ಬರುತ್ತದೆ. ಯಾವುದರ ಮುಖಪುಟದ ಮೇಲೂ ಭಾಗ ಒಂದು, ಭಾಗ ಎರಡು ಎಂಬ ಹಂಗಿಲ್ಲ.

ಈಗ ಒಂದು ಸ್ವಂತ ಅನುಭವವನ್ನು ಹೇಳಬೇಕು, ಏಕೆಂದರೆ ಈ ಪತ್ರ ಬರೆಯಲು ನಿಜವಾದ ಕಾರಣ ಅದೇ. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ, ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮಳೆಗಾಲದಲ್ಲಿ ಒಂದು ಹಸ್ತಪ್ರತಿಯನ್ನು ತಂದುಕೊಟ್ಟ. ಐದು ಭಾಗಗಳ ಫ್ಯಾಂಟಸಿಯ ಮೊದಲ ಭಾಗ, 380 ಪುಟ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಕಪ್ಪು ಕಲ್ಲುಗಳು ಕಡಲಾಳದ ರಾಜ್ಯವೊಂದರ ಬಾಗಿಲುಗಳು, ಅವುಗಳಲ್ಲಿ ಒಂದು ತೆರೆದುಕೊಂಡು ಮೊಗವೀರರ ಹುಡುಗಿಯೊಬ್ಬಳ ತಮ್ಮ ಒಳಗೆ ಸಿಕ್ಕಿಕೊಳ್ಳುತ್ತಾನೆ, ಅಕ್ಕ ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಲ್ಪನೆ ನನಗೆ ಬಹಳ ಹಿಡಿಸಿತು. ಕಲ್ಲಿನ ಮೇಲೆ ಕಿವಿಯಿಟ್ಟು ಕೇಳಿದರೆ ಒಳಗಿನ ಪೇಟೆಯ ಸದ್ದು ಕೇಳಿಸುತ್ತದೆ ಎಂಬ ಒಂದು ಪುಟವನ್ನಂತೂ ಮನೆಯವಳನ್ನು ಕರೆದು ಓದಿ ಹೇಳಿದೆ. ಆದರೆ ಆ ಹುಡುಗಿ ದೋಣಿಗೆ ಕಾಲಿಡುವುದು 380ನೆಯ ಪುಟದಲ್ಲಿ. ಅಲ್ಲಿಗೆ ಮೊದಲ ಭಾಗ ಮುಕ್ತಾಯ.

ಅವನನ್ನು ಕರೆದು ಕೇಳಿದೆ, “ಅವಳು ಹೊರಡಲು ಇಷ್ಟು ಹೊತ್ತು ಯಾಕೆ ಮಾರಾಯ?”

“ಸರ್, ಐದು ಭಾಗ ಇದೆಯಲ್ಲ, ಮೊದಲನೆಯದರಲ್ಲಿ ಲೋಕವನ್ನು ಕಟ್ಟಬೇಕಲ್ಲ,” ಎಂದ.

ಆ ಉತ್ತರದಲ್ಲಿಯೇ ಸಮಸ್ಯೆಯೆಲ್ಲ ಇತ್ತು. ಕಡಲಾಳದ ಏಳು ರಾಜರ ವಂಶಾವಳಿ, ಅವರ ಪಂಚಾಂಗ, ಭರತ ಇಳಿತಕ್ಕೆ ಹೊಂದಿಕೊಂಡ ಅವರ ತೆರಿಗೆಯ ಲೆಕ್ಕ, ಸತ್ತವರನ್ನು ಕಳುಹಿಸಿಕೊಡುವ ಕ್ರಮ ಎಲ್ಲವೂ ಮೊದಲ ಭಾಗದಲ್ಲಿ ಬಂದಿದ್ದವು, ಏಕೆಂದರೆ ಅವು ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಬೇಕಾಗುತ್ತವೆ ಎಂಬ ಭಯ ಅವನಿಗಿತ್ತು. ಬಿಡಿ ಕಾದಂಬರಿ ಬರೆಯುವವನಿಗೆ ಈ ಭಯವಿಲ್ಲ. ಹುಡುಗಿ ನಡೆಯುವ ದಾರಿಯಲ್ಲಿ ಎಷ್ಟು ಲೋಕ ಕಾಣಿಸುತ್ತದೋ ಅಷ್ಟನ್ನು ಕಟ್ಟಿದರೆ ಸಾಕು, ತಿರುವಿನ ಆಚೆಗೆ ಏನೋ ಇದೆ ಎಂಬ ಭಾಸ ಹುಟ್ಟಿಸಿದರೆ ಸಾಕು. ಬಯಲಾಟದ ರಂಗಸ್ಥಳದಲ್ಲಿ ಒಂದು ರಥವನ್ನಿಟ್ಟು ಇಂದ್ರನ ಒಡ್ಡೋಲಗವನ್ನೂ ಕುರುಕ್ಷೇತ್ರವನ್ನೂ ಕಾಣಿಸುವವರು ನಾವು. ಲೋಕ ಕಟ್ಟಲು ಎಷ್ಟು ಕಡಿಮೆ ಸಾಮಗ್ರಿ ಸಾಕೆಂಬುದು ನಮ್ಮ ಹುಡುಗರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಮುದ್ದಣನ ಮನೋರಮೆಯನ್ನು ನೆನೆಸಿಕೊಳ್ಳಿ. ನಂದಳಿಕೆಯ ಆ ಕವಿ ಕಥೆಯ ಪಕ್ಕದಲ್ಲಿಯೇ ಕೇಳುವವಳನ್ನೂ ಕೂರಿಸಿಕೊಂಡ. ಅವಳಿಗೆ ಅರ್ಥವಾಗದ್ದನ್ನು, ಹಿಡಿಸದ್ದನ್ನು ಅವಳು ಅಲ್ಲಿಯೇ ಎತ್ತಿ ಆಡುತ್ತಾಳೆ. ಏಳು ರಾಜರ ವಂಶಾವಳಿಗೆ ಅವಳು ಏನೆನ್ನುತ್ತಿದ್ದಳೆಂದು ನಾನು ಹುಡುಗನಿಗೆ ಹೇಳಲಿಲ್ಲ, ಅವನೇ ಊಹಿಸಿಕೊಂಡು ನಕ್ಕ.

ಇನ್ನೊಂದು ತೊಡಕು ಅವನ ಗಮನಕ್ಕೆ ಬಂದೇ ಇರಲಿಲ್ಲ. ಒಂದೇ ಪುಸ್ತಕವಾದರೆ ಮುನ್ನೂರನೆಯ ಪುಟದಲ್ಲಿ ಒಂದು ಕೀಲಿಕೈ ಬೇಕೆನಿಸಿದಾಗ ಮೂವತ್ತನೆಯ ಪುಟಕ್ಕೆ ಹೋಗಿ ಅದನ್ನು ಅಜ್ಜಿಯ ಪೆಟ್ಟಿಗೆಯಲ್ಲಿ ಇಟ್ಟು ಬರಬಹುದು. ಸರಣಿಯಲ್ಲಿ ಮೊದಲ ಭಾಗ ಅಚ್ಚಾಗಿಬಿಟ್ಟಿದ್ದರೆ ಅಜ್ಜಿಯ ಪೆಟ್ಟಿಗೆಗೆ ಬೀಗ ಬಿದ್ದ ಹಾಗೆ. ಬಾಗಿಲು ಅಮಾವಾಸ್ಯೆಯಂದು ಮಾತ್ರ ತೆರೆಯುತ್ತದೆ ಎಂದು ಮೊದಲ ಭಾಗದಲ್ಲಿ ಬರೆದವನು ನಾಲ್ಕನೆಯ ಭಾಗದಲ್ಲಿ ಹುಣ್ಣಿಮೆಯಂದು ತೆರೆಸಬೇಕಾದರೆ ಹೊಸ ನಿಯಮ ಹುಟ್ಟಿಸಬೇಕು, ಆ ನಿಯಮಕ್ಕೆ ಒಂದು ಕಾರಣ ಹುಟ್ಟಿಸಬೇಕು, ಆ ಕಾರಣಕ್ಕೆ ಒಬ್ಬ ಮುನಿಯನ್ನು ಹುಟ್ಟಿಸಬೇಕು. ಸರಣಿಗಳು ಮೂರು ಭಾಗದಿಂದ ಏಳಕ್ಕೆ ಊದಿಕೊಳ್ಳುವುದು ಬಹಳ ಸಲ ಹೀಗೆಯೇ ಇರಬೇಕೆಂದು ನನ್ನ ಅನುಮಾನ. ಮಾಯಾಲೋಕದ ಕಥೆಗೆ ಈ ಅಪಾಯ ಸಾಮಾಜಿಕ ಕಾದಂಬರಿಗಿಂತ ಹೆಚ್ಚು, ಏಕೆಂದರೆ ಅಲ್ಲಿ ನಿಯಮಗಳನ್ನೆಲ್ಲ ಲೇಖಕನೇ ಹೇಳಿಕೊಟ್ಟಿರುತ್ತಾನೆ, ಓದುಗ ಅವನ್ನು ಬಾಯಿಪಾಠ ಮಾಡಿಕೊಂಡು ಕುಳಿತಿರುತ್ತಾನೆ.

ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನ್ನಡ ಕಾದಂಬರಿಯ ಒಂದು ಮುದ್ರಣವೆಂದರೆ ಐನೂರು ಅಥವಾ ಸಾವಿರ ಪ್ರತಿ ಎಂಬ ಲೆಕ್ಕದಲ್ಲಿ ನಡೆಯುವ ಪ್ರಕಾಶನದಲ್ಲಿ ಮೊದಲ ಭಾಗದ ಪ್ರತಿಗಳು ತೀರಿಹೋಗಿ ಮರುಮುದ್ರಣವಾಗದಿದ್ದರೆ ಎರಡನೆಯ ಭಾಗ ಹುಟ್ಟುತ್ತಲೇ ಅನಾಥ. ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಆರಿಸುವುದು ಆಯಾ ವರ್ಷ ಪ್ರಕಟವಾದವುಗಳ ನಡುವಿನಿಂದ. ಒಂದು ವರ್ಷ ಮೊದಲ ಭಾಗ ಆಯ್ಕೆಯಾದರೆ ಮೂರು ವರ್ಷ ಬಿಟ್ಟು ಬರುವ ಎರಡನೆಯದೂ ಆಯ್ಕೆಯಾಗಲೇಬೇಕೆಂಬ ನಿಯಮವೇನಿಲ್ಲ. ಒಂದು ಸರಣಿಯ ಮೂರನೆಯ ಭಾಗ ಮಾತ್ರ ಇರುವ ಗ್ರಂಥಾಲಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಯ ಕಪಾಟಿನಲ್ಲಿ ಅದು ಹೊಸದರಂತೆಯೇ ಹೊಳೆಯುತ್ತಿತ್ತು. ವಾರಪತ್ರಿಕೆಗಳ ಧಾರಾವಾಹಿಗಳಿಗೆ ನಮ್ಮ ತಾಯಂದಿರು ಕಾದರಲ್ಲ ಎಂದು ಕೇಳಬಹುದು. ಕಾದರು, ಆದರೆ ಏಳು ದಿನ ಕಾದರು, ಮುಂದಿನ ಗುರುವಾರವೋ ಶುಕ್ರವಾರವೋ ಪತ್ರಿಕೆ ಬಂದೇ ಬರುತ್ತದೆ ಎಂಬ ಭರವಸೆಯಿಂದ ಕಾದರು. ಬರುವುದೋ ಇಲ್ಲವೋ ತಿಳಿಯದ ಪುಸ್ತಕಕ್ಕೆ ಮೂರು ವರ್ಷ ಕಾಯುವುದು ಅದರ ಜಾತಿಗೆ ಸೇರಿದ್ದಲ್ಲ.

ಕೆಲವು ಕಥೆಗಳು ಒಂದು ರಟ್ಟಿನೊಳಗೆ ಹಿಡಿಸುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಒಂದು ರಾಜ್ಯ ಕುಸಿಯುವುದನ್ನು ಮೂರು ತಲೆಮಾರುಗಳ ಕಣ್ಣಿನಿಂದ ತೋರಿಸಬೇಕೆಂದರೆ, ಮೊದಲ ತಲೆಮಾರಿನ ಒಂದು ಸಣ್ಣ ಸುಳ್ಳು ಮೂರನೆಯದರಲ್ಲಿ ಯುದ್ಧವಾಗಿ ಸಿಡಿಯಬೇಕೆಂದರೆ, ಓದುಗ ಪಾತ್ರಗಳ ಜೊತೆಗೆ ನಿಜವಾಗಿಯೂ ವರ್ಷಗಟ್ಟಲೆ ಬಾಳಬೇಕಾಗುತ್ತದೆ. ಆ ಸುಖವನ್ನು ಬಿಡಿ ಕಾದಂಬರಿ ಕೊಡಲಾರದು. (ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರನ್ನು ಒಂದೇ ಪುಸ್ತಕದಲ್ಲಿ ಹಿಡಿಸಿಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಕಾರಂತರ ಕೈ ಎಲ್ಲರಿಗೂ ಇರುವುದಿಲ್ಲ.) ಅಂತಹ ಕಥೆಯೇ ಕೈಗೆ ಬಂದಿದ್ದರೆ, ಕೊನೆಯ ಭಾಗದ ಕರಡಾದರೂ ಮುಗಿಯುವವರೆಗೆ ಮೊದಲನೆಯದನ್ನು ಅಚ್ಚಿಗೆ ಕೊಡದೆ ಇಟ್ಟುಕೊಳ್ಳುವ ತಾಳ್ಮೆ ಬೇಕು, ಪ್ರತಿ ಭಾಗಕ್ಕೂ ಅದರದ್ದೇ ಒಂದು ಪ್ರಶ್ನೆ ಮತ್ತು ಅದರದ್ದೇ ಒಂದು ಮಂಗಳ ಬೇಕು. ಚೊಚ್ಚಲ ಕೃತಿಯಲ್ಲಿಯೇ ಇಷ್ಟನ್ನು ನಿಭಾಯಿಸಿ ಎಂದು ಇಪ್ಪತ್ತೈದು ವರ್ಷದ ಹುಡುಗ ಹುಡುಗಿಯರಿಗೆ ಹೇಳುವುದು, ಗೆಜ್ಜೆ ಕಟ್ಟಿದ ಮೊದಲ ವರ್ಷವೇ ರಾತ್ರಿಯಿಡೀ ಕರ್ಣನ ಪಾತ್ರ ಮಾಡು ಎಂದ ಹಾಗೆ. ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸುವ ಕ್ರಮವನ್ನು ಹಿರಿಯರು ಸುಮ್ಮನೆ ಇಟ್ಟದ್ದಲ್ಲ.

ಆದ್ದರಿಂದ ತಮ್ಮ ಪತ್ರಿಕೆಗೂ ತಮ್ಮ ಮೂಲಕ ಪ್ರಕಾಶಕರಿಗೂ ಎರಡು ವಿನಂತಿಗಳು. ಪತ್ರಿಕೆಯ ವತಿಯಿಂದ ಕಾದಂಬರಿ ಸ್ಪರ್ಧೆ ನಡೆಸುವಾಗ ಫ್ಯಾಂಟಸಿಗೂ ಬಾಗಿಲು ತೆರೆದಿಡಿ, ಆದರೆ ಬಂದ ಕೃತಿ ತನ್ನಷ್ಟಕ್ಕೆ ಮುಗಿದಿರಬೇಕೆಂಬ ಷರತ್ತನ್ನು ಹಾಕಿ. ಪ್ರಕಾಶಕರು ಸರಣಿಯ ಪುಸ್ತಕವನ್ನು ಹೊರತರುವಾಗ ಅದು ಎಷ್ಟನೆಯ ಭಾಗ, ಒಟ್ಟು ಎಷ್ಟು, ಕಥೆ ಈ ಪುಸ್ತಕದಲ್ಲಿ ಮುಗಿಯುತ್ತದೆಯೇ ಎಂಬುದನ್ನು ಮುಖಪುಟದ ಮೇಲೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಲಿ. 380 ಪುಟ ಓದಿ ಮುಗಿಸಿದ ಮೇಲೆ ಕೊನೆಯ ಹಾಳೆಯ ಮೂಲೆಯಲ್ಲಿ ‘ಮುಂದುವರಿಯುವುದು’ ಎಂಬ ಪದವನ್ನು ಕಾಣುವ ಓದುಗ ಪುಸ್ತಕದ ಬೆಲೆ ಕೊಟ್ಟೇ ಬಂದವನು.

ಹುಡುಗ ಕಳೆದ ತಿಂಗಳು ಮತ್ತೆ ಬಂದಿದ್ದ. ಈಗ ಹುಡುಗಿ ದೋಣಿ ಹತ್ತುವುದು 40ನೆಯ ಪುಟದಲ್ಲಿ. ಏಳು ರಾಜರಲ್ಲಿ ಇಬ್ಬರು ಮಾತ್ರ ಉಳಿದಿದ್ದಾರೆ, ಉಳಿದ ಐವರು ಅವನ ನೋಟ್‌ಬುಕ್ಕಿನಲ್ಲಿ ಭದ್ರವಾಗಿದ್ದಾರೆ. ತಮ್ಮನನ್ನು ಅಕ್ಕ ಕರೆತರುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಮಲ್ಪೆಯ ಬಂದರಿನಲ್ಲಿ ಬೆಳಗಿನ ಮೀನಿನ ಹರಾಜು ಆರಂಭವಾಗುವ ಹೊತ್ತಿಗೆ ಕಥೆ ಮುಗಿಯುತ್ತದೆ. ಆದರೆ ತಮ್ಮನಿಗೆ ಈಚೆಗೆ ನಿದ್ದೆಯಲ್ಲಿ ಬೇರೆ ಭಾಷೆ ಬರುತ್ತಿದೆಯಂತೆ. ಇದಕ್ಕೆ ಎರಡನೆಯ ಪುಸ್ತಕ ಬರುತ್ತದೆಯೇ ಎಂದು ಕೇಳಿದೆ. “ಗೊತ್ತಿಲ್ಲ ಸರ್, ಮೊದಲು ಇದು ಆಗಲಿ,” ಎಂದ. ಹಸ್ತಪ್ರತಿ ಸದ್ಯ ನನ್ನ ಮೇಜಿನ ಮೇಲಿದೆ, 210 ಪುಟ, ಕಾಗುಣಿತದ ತಪ್ಪುಗಳನ್ನು ತಿದ್ದುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಗ್ರಂಥಪಾಲಕ
ಉಡುಪಿ